ಅನುಮಾನ ಬೆರೆತ ನೀರು

ನಡೆದದ್ದು ಹೀಗೆಯೇ ಎಂದು ಆಣೆ ಮಾಡಲಾರೆ. ಕಾಲೇಜಿನಲ್ಲಿ ಕಾಂದಾಭಜಿ, ಅಂದರೆ ನಮ್ಮ ಈರುಳ್ಳಿ ಬಜ್ಜಿ, ತಿಂದ ಎಣ್ಣೆಗೈಯನ್ನು ಮನೆಯವರ ಕುಡಿಯುವ ನೀರಿನ ಪಾತ್ರೆಗೆ ಲೋಟದ ಸಮೇತ ಅದ್ದಿದ್ದು ನೆನಪಿದೆ. ಹಿಂದಿನ ಸಂಜೆಯೋ ಅಂದಿನ ಬೆಳಗ್ಗೆಯೋ, ಹೊಳೆಯಲಿಲ್ಲ.

ಮೈಸೂರಿನಿಂದ ಮಿರಜಿಗೆ ಬಂದು ನಾಲ್ಕು ತಿಂಗಳಾಗಿತ್ತು. ಸಾಂಗಲಿಯ ಕಾಲೇಜಿನಲ್ಲಿ ಹರಕು ಮರಾಠಿಯಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದೆ. ಬಾಡಿಗೆಗಿದ್ದ ಜೈನರ ಮನೆಯಲ್ಲಿ ನನ್ನೊಡನೆ ಮನಸಾರೆ ಕನ್ನಡವಾಡುತ್ತಿದ್ದವರು ಎಂಬತ್ತು ದಾಟಿದ ಅಜ್ಜಿ. "ಪುಸ್ತಕ ಓದಿದಂಗ ಮಾತಾಡ್ತಿಯಲ್ಲೋ ತಮ್ಮಾ!" ಎಂದು ನಗುತ್ತಿದ್ದರು.

ಅಜ್ಜಿಗೆ ಅದು ಉಪವಾಸದ ಐದನೆಯ ದಿನ. ದಿನಕ್ಕೊಮ್ಮೆ, ಹತ್ತು ಗಂಟೆಗೆ, ಆ ಪಾತ್ರೆಯಲ್ಲಿ ಸೋಸಿ ಕಾಯಿಸಿಟ್ಟ ನೀರು, ಬೇರೇನೂ ಇಲ್ಲ. ಅದಕ್ಕೆ ಜೈನರಿಗೆ ವರ್ಜ್ಯವಾದ ಈರುಳ್ಳಿ ಸೋಕಿತೆಂಬ ಶಂಕೆ ಬಂದರೂ ಅಂತರಾಯ: ಅಂದಿಗೆ ನೀರೂ ಇಲ್ಲ.

ಅಂದು ಬೆಳಗ್ಗೆ ಗ್ರೀಸಿನ ಸ್ಟೋಯಿಕರ ಪಾಠ ಮುಗಿಸಿ ಬಂದಿದ್ದೆ. ಅವರ ಪ್ರಕಾರ ನಿಜವಾಗಿ ಇರುವುದೆಲ್ಲ ದೇಹವೇ, ಆತ್ಮವೂ ದೇವರೂ ಕೂಡ. ಒಂದು ಬಿಸಿಯುಸಿರು ಜಗತ್ತನ್ನೆಲ್ಲ ಹೊಕ್ಕು ಹಿಡಿದಿಟ್ಟಿದೆ. ಕಡಲಿಗೆ ಬಿದ್ದ ಒಂದು ಹನಿ ದ್ರಾಕ್ಷಾರಸ ಇಡೀ ಕಡಲಲ್ಲಿ ಬೆರೆಯುತ್ತದೆ. ಅವರನ್ನು ಕೆಣಕಿದ ಸಂದೇಹವಾದಿಗಳ ಪಕ್ಷ ನನ್ನದು. ಆ ಹನಿಯನ್ನು ಗೇಲಿ ಮಾಡಿ ತರಗತಿಯನ್ನು ನಗಿಸಿದ್ದೆ.

ಅಜ್ಜಿ ಲೋಟ ಎತ್ತಿದಾಗ "ಸ್ವಲ್ಪ ತಡೀರಿ" ಎಂದು ಎಲ್ಲ ಹೇಳಿಬಿಟ್ಟೆ.

ಅವರ ಸೊಸೆ, ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವವರು, ರೇಗಿದರು: "ಇವತ್ತ ಅದ್ದೀರೋ ಇಲ್ಲೋ? ಒಂದ ಹೇಳ್ರಿ ಸರ. ಕಲಿತವರು ನೀವು!"

"ನಿನ್ನೆ ಇರಬಹುದು..."

ನಿನ್ನೆಯದಾದರೆ ಚಿಂತೆಯಿರಲಿಲ್ಲ; ಪಾತ್ರೆ ತಿಕ್ಕಿ ಬೆಳಗ್ಗೆ ಹೊಸ ನೀರು ತುಂಬಿದ್ದರು.

"ನಿನ್ನೆ ಅಂತ ಗಟ್ಟಿ ಅನ್ನು," ಎಂದರು ಅಜ್ಜಿ. ಅವರ ತುಟಿಗಳು ಒಡೆದಿದ್ದವು. "ನಿನ್ನ ಮಾತಿನ ಮ್ಯಾಲ ಕುಡಿತೇನಿ."

ಮೈಸೂರಿನಲ್ಲಿ "ತಿಳಿಯದು" ಎಂದರೆ ಗುರುಗಳು ಬೆನ್ನು ತಟ್ಟುತ್ತಿದ್ದರು. ಇಲ್ಲಿ ಒಂದು ಮಾತು ಸಾಕಿತ್ತು, ಸುಳ್ಳಾದರೂ. ಬಾಯಿ ತೆರೆದೆ.

"ಖಾತ್ರಿ ಇಲ್ಲ, ಅಜ್ಜಿ."

ಅವರು ಲೋಟ ಕೆಳಗಿಟ್ಟರು. "ಹೋಗ್ಲಿ ಬಿಡು. ಸುಳ್ಳಂತೂ ಹೇಳಲಿಲ್ಲ."

ಮಧ್ಯಾಹ್ನವಿಡೀ ಗೋಡೆಯಾಚೆ ಅವರ ಒಣ ಕೆಮ್ಮು. ನೆನಪನ್ನು ಎಷ್ಟು ಹಿಂಡಿದರೂ ಅದು ಬಾಯಿ ಬಿಡಲಿಲ್ಲ. ಊರಿಗೆ ಓಡಿಹೋಗೋಣವೆಂದು ಬ್ಯಾಗು ತೆಗೆದೆ. ಆದರೆ ಅಲ್ಲಿ ನನ್ನ ಮಾತನ್ನು ನಂಬಿ ನೀರು ಕುಡಿಯುವವರು ಯಾರಿದ್ದಾರೆ? ಇಲ್ಲಿ ಇದ್ದವರೊಬ್ಬರನ್ನು ನಾನೇ ಬಾಯಾರಿಸಿದ್ದೆ. ಹೋಗಲೂ ಆಗದೆ, ಒಳಗೆ ಹೋಗಿ ಮುಖ ತೋರಿಸಲೂ ಆಗದೆ ಕೂತೆ.

ಎರಡು ದಿನದ ಮೇಲೆ ಸಹೋದ್ಯೋಗಿಯ ಫೋನಿನಲ್ಲಿ ಸ್ಟಾಫ್ ರೂಮಿನ ಒಂದು ಫೋಟೋ ಕಂಡೆ: ಭಜಿಯ ಪೊಟ್ಟಣ, ಅದರಲ್ಲಿ ನನ್ನ ಕೈ. ತಾರೀಖನ್ನು ಎರಡು ಸಲ ಓದಿದೆ. ಭಜಿ ತಂದವರನ್ನೂ ಕೇಳಿದೆ. ಅದು ಅಜ್ಜಿ ಲೋಟ ಕೆಳಗಿಟ್ಟ ದಿನದ ಹಿಂದಿನ ಸಂಜೆಯದು. ಮರುದಿನ ಬೆಳಗ್ಗೆ ಭಜಿ ಬಂದೇ ಇರಲಿಲ್ಲ. ಅಜ್ಜಿಯ ಲೋಟದ ನೀರು ಶುದ್ಧವಾಗಿತ್ತು.