ನಸುಕಿನ ಐದಕ್ಕೆ ಇಳಿದ ನೀರು

ಪುಕ್ಕಟೆ ಸಿಗುವ ಯಾವುದನ್ನೂ ನಾನು ನಂಬುವುದಿಲ್ಲ. ಸೇಡಂನ ನನ್ನ ತವರಿನಲ್ಲಿ ಒಬ್ಬ ಓಣಿಗೆಲ್ಲ ಹಲ್ಲುಪುಡಿ ಪುಕ್ಕಟೆ ಹಂಚಿ ಹೋದ. ಮುಂದಿನ ವಾರ ಅವನೇ ಬಂದು ನಮ್ಮ ತಾಮ್ರದ ಹಂಡೆಗೆ ಅರ್ಧ ಬೆಲೆ ಕಟ್ಟಿದ. ಹಾಗಾಗಿ ಶಹಾಬಾದಿನ ನಮ್ಮ ಮನೆಯ ಬಾವಿಗೆ ಪೆಟ್ಟಿಗೆ ಕೂರಿಸಲು ಬಂದ ಇಂಜಿನಿಯರಿಂಗ್ ಕಾಲೇಜಿನ ಮೇಡಂ "ಇದಕ್ಕ ರೊಕ್ಕ ಏನೂ ಬ್ಯಾಡ್ರಿ" ಎಂದಾಗ ನನ್ನ ಕಿವಿ ನೆಟ್ಟಗಾದವು.

ಮೊಬೈಲುಗಳು ನಮ್ಮ ಕಡೆ ಆಗಷ್ಟೇ ಕೈಗೆ ಬರುತ್ತಿದ್ದ ವರ್ಷಗಳು. ಮನೆಯ ಹಿಂದೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿ. ಗಣಿಯವರು ಇಂಜಿನ್ ಹಚ್ಚಿ ಗುಂಡಿಯ ನೀರು ಹೊರಗೆ ಹಾಕಿದಷ್ಟೂ ನಮ್ಮ ಬಾವಿ ಇಳಿಯುತ್ತದೆ ಎಂಬುದು ನನ್ನ ಗಂಡನ ವಾದ. ಸಾಲಿ ಮಾಸ್ತರರಾದ ಅವರಿಗೆ ಪುರಾವೆ ಬೇಕಿತ್ತು. ಅದಕ್ಕೇ ಕಲಬುರ್ಗಿಯಿಂದ ಈ ಮೇಡಂ ಬಂದದ್ದು.

ಬಾವಿಯ ಒಳಗೋಡೆಗೆ ಕೂತ ಆ ಪೆಟ್ಟಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಎರಡು ಸಣ್ಣ ಸೆಲ್ಲಿನ ಮೇಲೆ ಬದುಕುವಂಥದ್ದು. ಸೆಲ್ಲು ಉಳಿಸಲು ಬಹುಪಾಲು ನಿದ್ದೆ ಮಾಡುತ್ತದೆ, ನಡುನಡುವೆ ಎದ್ದು ನೀರು ಎಷ್ಟಿದೆ, ಗಂಟೆ ಎಷ್ಟು ಎಂದು ಬರೆದುಕೊಂಡು ಮತ್ತೆ ಮಲಗುತ್ತದೆ. ಮಲಗುವ ಕಾವಲುಗಾರನನ್ನು ಯಾರು ನಂಬುತ್ತಾರೆ?

"ಇದನ್ನ ಎಬ್ಬಿಸೋದು, ಮಲಗಿಸೋದು, ಎಲ್ಲಾ ಒಳಗಿನ ಆಪರೇಟಿಂಗ್ ಸಿಸ್ಟಂ ನೋಡ್ಕೋತದ ಅಕ್ಕಾ" ಎಂದರು ಮೇಡಂ. "ದೇಶ ದೇಶದ ಮಂದಿ ಕೂಡಿ ಬರದಾರ. ಪುಕ್ಕಟೆ ಅದ. ಯಾರು ಬೇಕಾದ್ರೂ ಬಿಚ್ಚಿ ಓದಬಹುದು, ತಿದ್ದಬಹುದು."

"ಯಾರು ಬೇಕಾದ್ರೂ ತಿದ್ದಬಹುದು ಅಂದ್ರ, ಖಣಿಯವರೂ ತಿದ್ದಬಹುದಲ್ರಿ?" ಎಂದೆ. ಮೇಡಂ ನಕ್ಕರು. ನಾನು ನಗಲಿಲ್ಲ.

ನಮ್ಮದು ಮಡಿ ಮನೆ. ನಸುಕಿನಲ್ಲಿ ಮಿಂದು ಒದ್ದೆ ಸೀರೆಯಲ್ಲೇ ದೇವರಿಗೂ ಅಡಿಗೆಗೂ ನೀರು ಸೇದುವ ಕೆಲಸ ಮದುವೆಯಾಗಿ ಬಂದಾಗಿನಿಂದ ನನ್ನದು. ಆ ಹೊತ್ತಿಗೆ ಬಾವಿಯ ಹತ್ತಿರ ಯಾರೂ ಸುಳಿಯುವಂತಿಲ್ಲ, ಮುಟ್ಟಿದರೆ ಮೈಲಿಗೆ. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಕೆಲವು ತಿಂಗಳ ನಂತರ ಮೇಡಂ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಪೆಟ್ಟಿಗೆಯ ಈಚಿನ ದಿನಗಳ ಲೆಕ್ಕದ ಗೆರೆ ತೋರಿಸಿದರು. ಬಾವಿ ಧಡಕ್ಕನೆ ಇಳಿಯುವುದು ಹಗಲು ಗಣಿ ನಡೆಯುವಾಗ ಅಲ್ಲ, ನಸುಕಿನ ಐದರ ಸುಮಾರಿಗೆ. ಆಗ ಗಣಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ಇರುವವಳು ನಾನೊಬ್ಬಳೇ.

ಅತ್ತೆ ಬಗ್ಗಿ ಆ ಗೆರೆ ನೋಡಿದರು. ಆಮೇಲೆ, "ಬಾಜು ಮನಿ ಮೆಣಸಿನ ಗಿಡ ಈ ಬ್ಯಾಸಗ್ಯಾಗ ಹ್ಯಾಂಗ ಹಸರ ಅವ ಅಂತ ನಾನೂ ನೋಡ್ಲಿಕತ್ತಿದ್ದೆ" ಎಂದರು.

ಬಾಜು ಮನೆಯಾಕೆ ನನ್ನ ಗೆಳತಿ. ಅವರ ಬಾವಿ ಬತ್ತಿತ್ತು. ಕದ್ದು ಅವಳಿಗೆ ನೀರು ಕೊಡುತ್ತಿದ್ದೇನೆ ಎಂಬುದು ಮಾತಿನ ಅರ್ಥ. "ಒಂದು ಹನಿ ಕೊಟ್ಟಿಲ್ಲ" ಎಂದೆ.

"ಪೆಟಗಿ ಯಾಕ ಸುಳ್ಳ ಹೇಳ್ತದ? ಅದಕ ಯಾರೂ ಬೀಗರಿಲ್ಲ. ನಾಳಿಂದ ನೀರ ನಾನ ಸೇದ್ತೀನಿ" ಎಂದರು ಅತ್ತೆ.

ನಾನು ಗಂಡನ ಮುಖ ನೋಡಿದೆ. ಅವರು ಲ್ಯಾಪ್‌ಟಾಪಿನ ಗೆರೆ ನೋಡುತ್ತಿದ್ದರು. ನಿನ್ನೆ ಮೊನ್ನೆ ಬಂದ ಪೆಟ್ಟಿಗೆ ಮನೆಯವರಿಗೆ ಹತ್ತಿರದ್ದಾಗಿತ್ತು, ನಾನು ಹೊರಗಿನವಳಾಗಿದ್ದೆ.

ನಾನು ಮೇಡಂ ಅವರನ್ನು ಹೋಗಲು ಬಿಡಲಿಲ್ಲ. "ಇವತ್ತ ಇಲ್ಲೇ ಇರ್ರಿ. ನಾಳಿ ನನ್ನ ಜೋಡಿ ಕುಂದ್ರಿ" ಎಂದೆ. ಮರುದಿನ ಅತ್ತೆ ಮಡಿ ನೀರು ಸೇದಿ ಒಳಗೆ ಹೋದ ಮೇಲೆ ನಾವಿಬ್ಬರೂ ಕಟ್ಟೆಗೆ ಬಂದೆವು. ಹಗ್ಗಕ್ಕೆ ಕಲ್ಲು ಕಟ್ಟಿ ನೀರು ಮುಟ್ಟುವವರೆಗೆ ಇಳಿಸಿ, ಕಟ್ಟೆಯ ಅಂಚಿಗೆ ಬರುವಲ್ಲಿ ಹಗ್ಗಕ್ಕೆ ಗಂಟು ಹಾಕಿದೆ. ಬಿಸಿಲೇರಿತು. ಎಷ್ಟು ಸಲ ಇಳಿಸಿ ನೋಡಿದರೂ ಗಂಟು ಅಂಚಿನಲ್ಲೇ ನಿಂತಿತು. ಹತ್ತರ ಸುಮಾರಿಗೆ ಗಣಿಯ ಇಂಜಿನ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಹಗ್ಗ ಇಳಿಸಿದರೆ ಗಂಟು ಕಟ್ಟೆ ದಾಟಿ ಗೇಣುದ್ದ ಕೆಳಗೆ ಹೋಯಿತು, ಆಮೇಲೂ ಹೋಗುತ್ತಲೇ ಇತ್ತು. ಮೇಡಂ ಪೆಟ್ಟಿಗೆಯ ಲೆಕ್ಕ ತೆಗೆದು ನೋಡಿದರು. ನಮ್ಮ ಕಣ್ಣೆದುರು ಹತ್ತಕ್ಕೆ ಇಳಿದ ನೀರನ್ನು ಅದು ಐದಕ್ಕೆ ಇಳಿದದ್ದು ಎಂದು ಬರೆದುಕೊಂಡಿತ್ತು.

"ಗಡಿಯಾರ ಹಿಂದ ಬಿದ್ದದ ಅಕ್ಕಾ" ಎಂದರು ಸಣ್ಣ ದನಿಯಲ್ಲಿ. ನಿದ್ದೆಯಿಂದ ಏಳುವಾಗಲೆಲ್ಲ ಪೆಟ್ಟಿಗೆ ಒಂದು ಚೂರು ಹೊತ್ತು ಕಳೆದುಕೊಳ್ಳುತ್ತಿತ್ತಂತೆ. ಆ ಚೂರುಗಳೆಲ್ಲ ಕೂಡಿ ತಾಸುಗಳಾಗಿದ್ದವು. ಆದರೆ ತಪ್ಪು ತಮ್ಮ ಕೈಯದೋ ಸಿಸ್ಟಂ ಬರೆದವರದೋ ತಿಳಿಯದೆ ಏನೂ ಹೇಳಲಾರೆ ಎಂದು ಪೆಟ್ಟಿಗೆಯನ್ನು ಕಲಬುರ್ಗಿಗೆ ಒಯ್ದರು. ಮನೆಯಲ್ಲಿ ಯಾರೂ ನನ್ನ ಹಗ್ಗವನ್ನು ನಂಬಲಿಲ್ಲ. ಮೇಡಂ ನನ್ನ ಮೇಲೆ ಮರುಕಪಟ್ಟು ಹಾಗೆ ಹೇಳಿದರು ಎಂದುಕೊಂಡರು.

ಮೇಡಂ ತಿರುಗಿ ಬಂದದ್ದು ಮಳೆಗಾಲ ಹಿಡಿದ ಮೇಲೆ. ಆ ಸಿಸ್ಟಂ ಬರೆದವರಿಗೆ ಎಲ್ಲವನ್ನೂ ಬರೆದು ತಿಳಿಸಿದ್ದರಂತೆ, ಒಂದು ಮನೆಯ ಸೊಸೆಯ ಮೇಲೆ ಅಪವಾದ ಬಂದದ್ದನ್ನೂ. ಉತ್ತರವನ್ನು ಅವರು ಇಂಟರ್ನೆಟ್ಟಿನಲ್ಲಿ, ಜಗತ್ತೆಲ್ಲ ಓದುವ ಜಾಗದಲ್ಲಿ ಹಾಕಿದ್ದರು. ಇದೂ ನನ್ನ ಸಮಾಧಾನಕ್ಕೆ ಹೂಡಿದ ಆಟವೇ ಎಂದು ನನಗೇ ಗುಮಾನಿ ಬಂತು. ಲ್ಯಾಪ್‌ಟಾಪಿನಲ್ಲಿ ತೋರಿಸಿ ಎಂದೆ. ತೋರಿಸಿದರು, ಕನ್ನಡದಲ್ಲಿ ಓದಿ ಹೇಳಿದರು. ತಪ್ಪು ನಮ್ಮದು. ತಿದ್ದಿದ್ದೇವೆ. ಆ ಹೆಣ್ಣುಮಗಳಿಗೆ ನಮ್ಮಿಂದ ತೊಂದರೆ ಆಯಿತು, ಕ್ಷಮೆ ಕೇಳುತ್ತೇವೆ.

ನನ್ನ ಗಂಡ, "ಹಂಗಾದ್ರ ಖಣಿಯವರು ಈಗ ಸಿಕ್ಕಿಬಿದ್ರು" ಎಂದು ಅರ್ಜಿ ಬರೆಯಲು ಕಾಗದ ಹುಡುಕತೊಡಗಿದರು. ಅತ್ತೆ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸದೆ, "ನಾಳಿಂದ ನೀರ ನೀನ ಸೇದು" ಎಂದರು. ಅಷ್ಟೇ.

"ಮೇಡಂ, ಕಡೀ ಮಾತು ಇನ್ನೊಮ್ಮೆ ಓದ್ರಿ. ಜರಾ ಜೋರಲೆ ಓದ್ರಿ" ಎಂದೆ.

ಅವರು ಓದಿದರು. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. ನನ್ನ ಮುಖ ಕಾಣದವರು ಅಂದ ಮಾತನ್ನು ನನ್ನ ಮನೆಯವರು ಅನ್ನಲಿಲ್ಲ.

ಮರುದಿನ ನಸುಕಿನಲ್ಲಿ ಎಚ್ಚರವಿದ್ದೂ ನಾನು ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಅತ್ತೆಯೇ ಬಾವಿಗೆ ಹೋದರು. ಹಗ್ಗ ಎಳೆಯುವ ಗಾಲಿಯ ಸಪ್ಪಳ ಕೇಳುತ್ತ, ಅವರು ಎಷ್ಟು ಕೊಡ ಸೇದಿದರೆಂದು ನಾನು ಹಾಸಿಗೆಯಲ್ಲೇ ಮಲಗಿ ಎಣಿಸಿದೆ.