ಅಪ್ಪನನ್ನು ಕೇಳಿ ಬರುತ್ತೇನೆ

ಸ್ನೇಹಿತರೇ, ಇವತ್ತು ಖಾನಾಪುರದ ಬಸ್ಸಿನಲ್ಲಿ ನಾನೂ ಮಾರುತಿಯೂ ಒಬ್ಬ ಕಾರ್ಟೂನ್ ಹುಡುಗಿಗಾಗಿ ಜಗಳವಾಡಿದೆವು. ಮಾರುತಿ ಉದ್ಯಮಬಾಗದ ಫೌಂಡ್ರಿಯಲ್ಲಿ ನನ್ನ ಜೊತೆಗಾರ. ನಾವು ನೋಡುವ ಜಪಾನಿ ಅನಿಮೆಯಲ್ಲಿ ನಾಯಕ ಹೂ ಮಾರುವ ಹುಡುಗಿಯನ್ನು ಬಿಟ್ಟು ಬೇರೊಬ್ಬಳನ್ನು ಮದುವೆಯಾಗುತ್ತಾನೆ. ಈಗ ಅದರದೇ ಮೊಬೈಲ್ ಗೇಮ್ ಬಂದಿದೆ. ಇದರಲ್ಲಿ ನಾವೇ ನಾಯಕ. ಹುಡುಗಿ ಕೇಳಿದ್ದಕ್ಕೆ ಅಲ್ಲಿರುವ ಉತ್ತರಗಳಲ್ಲಿ ಒಂದನ್ನು ಒತ್ತಬೇಕು. ಮಾರುತಿಗೆ ಆ ಹೂವಿನ ಹುಡುಗಿಯೇ ಬೇಕು.

ಇವತ್ತು ಅವಳು ಕೇಳಿಯೇಬಿಟ್ಟಳು, ‘ನನ್ನನ್ನು ಮದುವೆಯಾಗ್ತೀಯಾ?’ ಉತ್ತರ ಎರಡು: ‘ಆಗುತ್ತೇನೆ’, ಇಲ್ಲವೇ ‘ಮೊದಲು ನಿನ್ನ ಅಪ್ಪನನ್ನು ಕೇಳಿ ಬರುತ್ತೇನೆ.’

ನಾನು ಬೇಡವೆನ್ನುವಷ್ಟರಲ್ಲಿ ಮಾರುತಿ ಅಪ್ಪನನ್ನು ಕೇಳುವ ಉತ್ತರವನ್ನು ಒತ್ತಿದ. ‘ಕೇಳಿದವಳು ನಾನು’ ಎಂದು ಹುಡುಗಿ ಹೊರಟುಹೋದಳು. ಆಟ ಮುಗಿಯಿತು.

“ಏನ್ ತಪ್ಪ ಹೇಳೀನಲೇ? ಹಿರ್ಯಾರನ್ನ ಕೇಳಬಾರ್ದೇನು?”

“ಆಕಿ ನಿನ್ನ ಮನಸ್ಸ ಕೇಳಿದ್ಲಲೇ!” ಎಂದು ನಾನು ಕೂಗಿದೆ. ಬಸ್ಸಿನ ಮಂದಿ ತಿರುಗಿ ನೋಡಿದರು.

ಮಾರುತಿ ಮೊಬೈಲನ್ನು ಮಗುಚಿ ತೊಡೆಯ ಮೇಲಿಟ್ಟ. ಆಗ ನನಗೆ ನೆನಪಾಯಿತು. ಬೀಡಿ ಎಂಬ ಊರಿನ ಹುಡುಗಿಯೊಬ್ಬಳು ಇವನನ್ನು ಹೀಗೇ ಕೇಳಿದ್ದಳು. ಇವನು ಅವಳ ಅಪ್ಪನನ್ನು ಕೇಳಲು ಹೋದ. ಅಪ್ಪ ಆ ತಿಂಗಳೇ ಅವಳನ್ನು ಬೇರೆ ಕಡೆ ಕೊಟ್ಟ.

“ಹಿಂದಕ್ಕ ಹೋಗಿ ಇನ್ನೊಂದ್ಸಲ ಉತ್ತರಾ ಹೇಳಾಕ ಬರತೈತಿ” ಎಂದೆ.

ಪ್ರಶ್ನೆ ಮತ್ತೆ ಬಂತು. ಮಾರುತಿ ಬಹಳ ಹೊತ್ತು ನೋಡಿ, ಮತ್ತೆ ಅಪ್ಪನನ್ನೇ ಒತ್ತಿದ.

“ಕೇಳಲಾರ್ದ ಹೆಂಗಲೇ ಹೂಂ ಅನ್ನೂದು?”

ಹುಡುಗಿ ಮತ್ತೆ ಹೋದಳು. ಇಡೀ ಗೇಮಿನಲ್ಲಿ ಆ ಅಪ್ಪನ ಚಿತ್ರವನ್ನೇ ಯಾರೂ ಬಿಡಿಸಿಲ್ಲ.