ಅಕ್ಕನ ಬಳಿ ಕೂತ ಬೇಸಿಗೆ

ಸಾಸಲಿನ ರಾಮಾಂಜಿನಪ್ಪ ಬಿ.ಎ. ಮುಗಿಸಿ ಬೊಂಬಾಯಿಗೆ ಹೊರಟದ್ದು ೧೯೪೪ರಲ್ಲಿ. ಅಲ್ಲಿ ಸಮಾಜಕಾರ್ಯ ಕಲಿಸುವ ಶಾಲೆಯೊಂದಿತ್ತು. ಮನಸ್ಸಿನ ಕಾಯಿಲೆಯವರ ಜೊತೆ, ಅವರ ಮನೆಯವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಎರಡು ವರ್ಷ ತರಬೇತಿ ಕೊಡುತ್ತಿದ್ದರು. ಅದೆಂಥ ಓದೋ ಊರವರಿಗೆ ತಿಳಿಯಲಿಲ್ಲ. ಅವನಿಗೆ ಮಾತ್ರ ತಿಳಿದಿತ್ತು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಪಿಳ್ಳಮ್ಮ, ತನ್ನ ಮಗು ಸತ್ತ ಮೇಲೆ ಗಂಡನ ಮನೆಯಿಂದ ವಾಪಸ್ಸು ಬಂದವಳು. ಅಂದಿನಿಂದ ಮಾತಿಲ್ಲ. ಕೊಟ್ಟಿಗೆಯ ಪಕ್ಕದ ಕೋಣೆಯೇ ಅವಳ ಮನೆಯಾಗಿತ್ತು.

ವಾಸಿ ಮಾಡುವ ಉಪಾಯ ಕಲಿಸುತ್ತಾರೆಂದು ಹೋದವನಿಗೆ ಅಲ್ಲಿ ಕಲಿಸಿದ್ದು ಸುಮ್ಮನೆ ಕೂರುವುದನ್ನು. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಸ್ಪತ್ರೆ. ಅವನು ರೋಗಿಗಳ ಜೊತೆ ಮಾತಾಡುವಾಗ ಪಾಠ ಹೇಳುವ ಪಾರ್ಸಿ ಹೆಂಗಸು ಹಿಂದೆ ಕೂತು ಗಮನಿಸುತ್ತಿದ್ದರು. ಪ್ರಶ್ನೆ ಕೇಳುವುದನ್ನು ಬಿಡು, ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ ಎಂದು ಎಷ್ಟೋ ಸಲ ತಿದ್ದಿದರು.

ಬೇಸಿಗೆ ರಜಕ್ಕೆ ಊರಿಗೆ ಬಂದಾಗ ಅಕ್ಕ ಜಗಲಿಯಲ್ಲಿ ಹುಣಸೆಹಣ್ಣಿನ ರಾಶಿಯ ಮುಂದಿದ್ದಳು. ಅವನೂ ಪಕ್ಕದಲ್ಲಿ ಕೂತು ಬೀಜ ತೆಗೆಯತೊಡಗಿದ. ಏನೂ ಕೇಳಲಿಲ್ಲ. ದಿನಾ ಹಾಗೇ ಕೂತ. ಒಂದು ಮಧ್ಯಾಹ್ನ ಅವಳು ಅವನ ಕೈಯಿಂದ ಹಣ್ಣು ಕಿತ್ತುಕೊಂಡಳು.

"ಮೊದ್ಲು ನಾರು ಬಿಡಿಸ್ಬೇಕು ಕಣೋ."

ಒಳಗಿದ್ದ ಅತ್ತಿಗೆ ಲಕ್ಷ್ಮೀದೇವಮ್ಮ ಬಾಗಿಲಿಗೆ ಬಂದು ನಿಂತುಬಿಟ್ಟಳು.

ಆಮೇಲೆ ಮಾತು ತುಂಡುತುಂಡಾಗಿ ಬಂತು. "ಮಗೀನ ಮೈ ಸುಡ್ತಾ ಇತ್ತು. ಗಾಡಿ ಕಟ್ಟಿ ಅಂದೆ. ಬೆಳಿಗ್ಗೆ ನೋಡಾನ ಅಂದ್ರು. ಬೆಳಿಗ್ಗೆ ಏನೈತೆ ನೋಡಾಕೆ?" ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಅವಳು ಸ್ನಾನ ಮಾಡತೊಡಗಿದಳು, ತಲೆ ಬಾಚಿಕೊಂಡಳು. ಅವನಿಗಾಗಿ ಕಾದು ಕೂರುವುದನ್ನೂ ಕಲಿತಳು.

ರಜೆ ಮುಗಿಯಿತು. ಹೊರಡುವ ಹಿಂದಿನ ಸಂಜೆ ಅಣ್ಣ ಅಪ್ಪಯ್ಯಣ್ಣ ಅವನನ್ನು ಹಿತ್ತಲಿಗೆ ಕರೆದ.

"ಅವಳಿಗೆ ಹೇಳ್ಬೇಡ. ಅತ್ತು ಕರೆದು ಮತ್ತೆ ಕೆಡ್ತಾಳೆ. ಏಳೋಕೆ ಮುಂಚೆ ಹೊಂಟೋಗು."

ಅವನಿಗೂ ಅದೇ ಸುಲಭವೆನಿಸಿತು. ಬೆಳಕು ಹರಿಯುವ ಮೊದಲೇ ಗಾಡಿಯಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ರೈಲು ಹತ್ತಿದ.

ದೀಪಾವಳಿಗೆ ಬಂದಾಗ ಅಕ್ಕ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿದ್ದಳು. ತೋಳು ಕಡ್ಡಿಯಾಗಿತ್ತು. ಅವನು ಪಕ್ಕದಲ್ಲಿ ಕೂತರೆ ಸೆರಗನ್ನು ಮುಖದ ಮೇಲೆಳೆದುಕೊಂಡಳು. "ಅಕ್ಕಾ, ತಪ್ಪಾಯ್ತು," ಎಂದ. ಹಬ್ಬದ ಅಡುಗೆಯನ್ನು ಮುಂದಿಟ್ಟು ಸಂಜೆಯವರೆಗೆ ಕಾದ; ಅನ್ನ ಆರಿ ಗಟ್ಟಿಯಾಯಿತು.

ಕೊನೆಯ ಅವಧಿಯಲ್ಲಿ ಶಾಲೆಯಲ್ಲಿ ಹೊಸ ಪಾಠ ಶುರುವಾಯಿತು: ನೆರವು ಪಡೆಯುತ್ತಿರುವವರನ್ನು ಬಿಟ್ಟು ಹೋಗಬೇಕಾದಾಗ ಹೇಗೆ ಬೀಳ್ಕೊಳ್ಳಬೇಕು. ವಾರಗಳ ಮುಂಚೆ ತಿಳಿಸಬೇಕು, ಅವರಿಗೆ ಸಿಟ್ಟು ಮಾಡಲು ಅವಕಾಶ ಕೊಡಬೇಕು, ಅಳಲು ಬಿಡಬೇಕು. ರಾಮಾಂಜಿನಪ್ಪ ಎದ್ದು ನಿಂತ.

"ಹೇಳದೆ ಹೋಗಿಬಿಟ್ಟರೆ ಏನಾಗುತ್ತೆ ಮೇಡಂ?"

"ತಾವೇ ಏನೋ ತಪ್ಪು ಮಾಡಿದೆವು, ಅದಕ್ಕೇ ಹೋದರು ಅಂದುಕೊಳ್ಳುತ್ತಾರೆ," ಎಂದರು ಆಕೆ. "ಎರಡನೇ ಸಲ ಯಾರನ್ನೂ ನಂಬುವುದಿಲ್ಲ."

ಅವನು ಕೂರುವುದನ್ನೇ ಮರೆತು ನಿಂತಿದ್ದ. ಪಕ್ಕದವನು ಅಂಗಿ ಎಳೆದು ಕೂರಿಸಿದ.

ಪರೀಕ್ಷೆ ಮುಗಿಸಿ ಊರಿಗೆ ಬರುವಷ್ಟರಲ್ಲಿ ಪಿಳ್ಳಮ್ಮ ಸತ್ತು ತಿಂಗಳಾಗಿತ್ತು. ಓದು ಕೆಡುತ್ತದೆಂದು ಅಣ್ಣ ತಿಳಿಸಿರಲಿಲ್ಲ.

"ನನ್ನ ಏನಾದ್ರೂ ಕೇಳಿದ್ಲಾ ಅತ್ತಿಗೆ?"

ಲಕ್ಷ್ಮೀದೇವಮ್ಮ ಒಲೆಗೆ ಸೌದೆ ಒತ್ತಿದಳು. "ನೀನು ಹೋದ್ಮೇಲೆ ಒಂದು ವಾರ ಪೂರ್ತಿ ಜಗಲಿಮ್ಯಾಗೆ ಕೂತು ಕಾದ್ಲು ಕಣಪ್ಪ. ಆಮೇಲೆ ನಿನ್ನ ಹೆಸ್ರು ಎತ್ತಲಿಲ್ಲ. ಕೊನೆಗೆ ನೀರೂ ಕುಡೀಲಿಲ್ಲ."

ಬೆಂಗಳೂರಿನ ಆಸ್ಪತ್ರೆಯೊಂದು ಅವನಂಥ ತರಬೇತಿಯವರನ್ನು ಹುಡುಕುತ್ತಿತ್ತು. ಕರೆ ಬಂತು, ಹೋದ. ವೈದ್ಯರು ವಾರ್ಡು ತೋರಿಸಿದರು. ಅಲ್ಲೊಬ್ಬಳು ಮುದುಕಿ ಅವನ ಕೈ ಹಿಡಿದು, "ನಾಳೆ ಬರ್ತೀಯಾ?" ಎಂದಳು. ಅವನು ಕೈ ಬಿಡಿಸಿಕೊಂಡ. ಹೊರಗೆ ಬಂದು ವೈದ್ಯರಿಗೆ, "ನನ್ನ ಕೈಲಾಗಲ್ಲ ಸಾರ್," ಎಂದು ಹೇಳಿ ಬಸ್ಸಿಗೆ ನಡೆದ.

ದೊಡ್ಡಬಳ್ಳಾಪುರದ ರೇಷನ್ ಕಚೇರಿಯಲ್ಲಿ ಗುಮಾಸ್ತನಾದ. ಮದುವೆಯಾಗಲಿಲ್ಲ. ಸಕ್ಕರೆ, ಸೀಮೆಎಣ್ಣೆಗೆಂದು ಬಂದವರು ಮನೆಯ ಕಷ್ಟ ತೋಡಿಕೊಳ್ಳಲು ಬಾಯಿ ತೆರೆದರೆ, ಅವನು ತಲೆಯೆತ್ತದೆ ಮುಂದಿನವರನ್ನು ಕರೆಯುತ್ತಿದ್ದ.